ಕಂಡ ಹರಿವು, ಅಳೆದ ಹರಿವು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಮ್ಮ ಹಿರಿಯರು ಪಂಚಾಯತಿಯ ಕಟ್ಟೆಯ ಮೇಲೆ ಕುಳಿತು ಹೇಳಿದ್ದಿರಬೇಕು. ಆದರೆ ಪ್ರಯೋಗಶಾಲೆಯ ಬಾಗಿಲಿನ ಮೇಲೆ ಬರೆಸಿಡಲು ಇದಕ್ಕಿಂತ ತಕ್ಕ ಮಾತು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಕೂದಲೆಳೆಯಷ್ಟು ಕಿರಿದಾದ ನಾಲೆಗಳಲ್ಲಿ ಹರಿಯುವ ದ್ರವವನ್ನು ಬೆಳಕಿನ ನೆರವಿನಿಂದ ನೋಡಿ ಅಳೆಯುವ ಇಂದಿನ ವಿಧಾನಗಳಿಗಂತೂ ಈ ಮಾತು ಅಕ್ಷರಶಃ ಒಪ್ಪುತ್ತದೆ.

ಗಾಜಿನ ಅಥವಾ ಪಾರದರ್ಶಕವಾದ ಸಿಲಿಕೋನ್ ರಬ್ಬರಿನ ಸಣ್ಣ ಬಿಲ್ಲೆಯೊಂದರಲ್ಲಿ ಸೂಕ್ಷ್ಮನಾಲೆಗಳನ್ನು ಕೊರೆದು, ಒಂದು ಹನಿ ರಕ್ತವನ್ನು ಅವುಗಳಲ್ಲಿ ಹರಿಸಿ ಪರೀಕ್ಷಿಸುವ ಸಾಧನಗಳು ಈಗ ಬಳಕೆಗೆ ಬಂದಿವೆ. ಇಂಥ ನಾಲೆಯಲ್ಲಿ ದ್ರವವು ಎಷ್ಟು ವೇಗವಾಗಿ ಹರಿಯುತ್ತಿದೆಯೆಂದು ತಿಳಿಯುವುದು ಹೇಗೆ? ನಾಲೆಯ ಅಗಲ ಮತ್ತು ಆಳ ತಲಾ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದಿಟ್ಟುಕೊಳ್ಳೋಣ. ಅದರಲ್ಲಿ ನೀರು ಸೆಕೆಂಡಿಗೆ ಸರಾಸರಿ 1 ಮಿಲಿಮೀಟರ್ ವೇಗದಲ್ಲಿ ಹರಿದರೆ, ಒಂದು ಗಂಟೆ ಕಾದರೂ ಸಿಕ್ಕುವುದು ಕೇವಲ 36 ಮಿಲಿಗ್ರಾಂ ನೀರು. ಅದನ್ನು ತೂಗುವಷ್ಟರಲ್ಲಿ ಬಹುಪಾಲು ಆರಿಹೋದೀತು. ನಾಲೆಯೊಳಗೆ ಅಳತೆಯ ಉಪಕರಣವನ್ನು ಇಳಿಸೋಣವೆಂದರೆ ಅದೇ ನಾಲೆಯನ್ನು ಮುಚ್ಚಿಬಿಡುತ್ತದೆ. ಹರಿವನ್ನು ಮುಟ್ಟದೆ ಒಳಹೊಕ್ಕು ಬರಬಲ್ಲದ್ದು ಬೆಳಕೊಂದೇ.

ಈ ಬಯಕೆ ಹೊಸದಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅತಿ ಸೂಕ್ಷ್ಮವಾದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು. ಗಾಜಿನ ಲೋಮನಾಳಗಳಲ್ಲಿ ದ್ರವದ ಹರಿವನ್ನು ಅಳೆದು ನಾವೆಲ್ಲರೂ ಓದುವ ನಿಯಮವನ್ನು ಕೊಟ್ಟ ಫ್ರಾನ್ಸಿನ ಪ್ವಾಸೆಯ್ ವೃತ್ತಿಯಿಂದ ವೈದ್ಯನು. ಅವನ ಕುತೂಹಲವೂ ರಕ್ತದ ಹರಿವಿನಿಂದಲೇ ಹುಟ್ಟಿತು. 1883ರಲ್ಲಿ ಇಂಗ್ಲೆಂಡಿನ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಬಿಟ್ಟು, ಶಾಂತವಾದ ಹರಿವು ಕಲಕಿದ ಹರಿವಾಗುವುದನ್ನು ಎಲ್ಲರ ಕಣ್ಣಿಗೂ ಕಾಣಿಸಿದನು.

ಸೂಕ್ಷ್ಮನಾಲೆಯಲ್ಲಿ ಹರಿವು ಯಾವಾಗಲೂ ಶಾಂತವೇ. ಅಲ್ಲಿ ಬಣ್ಣದ ಎಳೆಯು ದಾರಿಯನ್ನು ತೋರಿಸೀತೇ ಹೊರತು ವೇಗವನ್ನು ಹೇಳಲಾರದು. ಆದ್ದರಿಂದ ದ್ರವದಲ್ಲಿ ಅತಿ ಸಣ್ಣ ಕಣಗಳನ್ನು ಬೆರೆಸಿ, ಅಲ್ಪ ಕಾಲದ ಅಂತರದಲ್ಲಿ ಎರಡು ಚಿತ್ರಗಳನ್ನು ತೆಗೆದು, ಕಣಗಳು ಎಷ್ಟು ಸರಿದಿವೆಯೆಂದು ಲೆಕ್ಕಹಾಕುವ ಉಪಾಯವನ್ನು ವಿಜ್ಞಾನಿಗಳು ಹಿಡಿದರು. ದೊಡ್ಡ ಕೊಳವೆಗಳಿಗೆ ಮೊದಲೇ ಬಳಕೆಯಲ್ಲಿದ್ದ ಈ ವಿಧಾನವನ್ನು 1998ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ತಂಡವೊಂದು ಸೂಕ್ಷ್ಮದರ್ಶಕದ ಕೆಳಗೆ ತಂದಿತು. ಅವರು ಬಳಸಿದ ಕಣಗಳ ವ್ಯಾಸ 0.3 ಮೈಕ್ರಾನ್. ಇಂಥ ಕಣಗಳಿಗೆ ಪ್ರತಿದೀಪ್ತಿಯ ಬಣ್ಣ ಹಚ್ಚಿರುತ್ತಾರೆ. ಕಣಗಳು ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುತ್ತವೆ. ಮೊದಲಿನ ಬೆಳಕನ್ನು ಶೋಧಕದಿಂದ ತಡೆದರೆ ಕಪ್ಪು ಹಿನ್ನೆಲೆಯಲ್ಲಿ ಅವು ನಕ್ಷತ್ರಗಳಂತೆ ತೋರುತ್ತವೆ.

ಇಷ್ಟಾದರೂ ನಾವು ಕಾಣುವುದು ಕಣಗಳನ್ನು, ದ್ರವವನ್ನಲ್ಲ. ಎಲ್ಲ ಎಚ್ಚರಿಕೆಗೂ ಇದೇ ಮೂಲ. ಅರ್ಧ ಮೈಕ್ರಾನ್ ವ್ಯಾಸದ ಕಣವು ನಿಂತ ನೀರಿನಲ್ಲಿಯೂ ಬ್ರೌನ್ ಚಲನೆಯಿಂದ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೈಕ್ರಾನ್ ದೂರ ಅತ್ತಿತ್ತ ಸರಿಯುತ್ತದೆ. ನಿಧಾನವಾದ ಹರಿವಿನಲ್ಲಿ ಅನೇಕ ಕಣಗಳ ಸರಾಸರಿ ತೆಗೆಯದಿದ್ದರೆ, ಈ ಅಲೆದಾಟವನ್ನೇ ಹರಿವೆಂದು ಭ್ರಮಿಸುವ ಸಂಭವವುಂಟು. ರಕ್ತದಲ್ಲಿ ಕೆಂಪು ಕಣಗಳೇ ಗುರುತುಗಳಾಗಲಿ ಎಂದರೂ ತೊಡಕು ತಪ್ಪದು. ಕೆಂಪು ಕಣಗಳು ನಾಳದ ನಡುವಿಗೆ ಸರಿದು, ಒಟ್ಟು ರಕ್ತಕ್ಕಿಂತ ವೇಗವಾಗಿ ಸಾಗುತ್ತವೆಂಬುದನ್ನು ಸ್ವೀಡನ್ನಿನ ಫೋರೇಯಸ್ 1929ರಲ್ಲಿಯೇ ತೋರಿಸಿದ್ದನು.

ಮೂರನೆಯ ತೊಡಕು ಆಳದ್ದು. ಅದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ವಿದ್ಯಾರ್ಥಿಗಳಿಂದ. ಲೋಮನಾಳದಿಂದ ಹರಿದ ನೀರನ್ನು ತೂಗಿ ಸ್ನಿಗ್ಧತೆಯನ್ನು ಕಂಡುಹಿಡಿಯುವ ಹಳೆಯ ಪ್ರಯೋಗವನ್ನು ಮಾಡಿಸುವಾಗ, ಒಳವ್ಯಾಸ ಅರ್ಧ ಮಿಲಿಮೀಟರಿನ ಗಾಜಿನ ನಾಳವನ್ನು ಸೂಕ್ಷ್ಮದರ್ಶಕದ ಕೆಳಗೂ ಇಡಿಸಿದೆವು. ನೀರಿಗೆ ಒಂದು ಹನಿ ಹಾಲು. ಹಾಲಿನ ಕೊಬ್ಬಿನ ಗುಂಡುಗಳೇ ನಮ್ಮ ಕಣಗಳು. ಚಿತ್ರ ತೆಗೆಯಲು ಒಬ್ಬ ವಿದ್ಯಾರ್ಥಿಯ ಮೊಬೈಲು, ಸೆಕೆಂಡಿಗೆ 240 ಚಿತ್ರಗಳಂತೆ. ತೂಕದ ಪ್ರಕಾರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 5 ಮಿಲಿಮೀಟರ್ ಬಂದಿತು. ಚಿತ್ರಗಳ ಪ್ರಕಾರ 9ಕ್ಕೂ ಹೆಚ್ಚು! “ಕಣ್ಣಾರೆ ಕಂಡದ್ದು ಸುಳ್ಳಾದೀತೇ? ತಕ್ಕಡಿಯೇ ಕೆಟ್ಟಿರಬೇಕು ಸರ್,” ಎಂದರು ಹುಡುಗರು. ಮೊದಲಿಗೆ ನಾವೂ ತಕ್ಕಡಿಯನ್ನೇ ಶಂಕಿಸಿದೆವೆಂದು ಒಪ್ಪಿಕೊಳ್ಳಬೇಕು.

ಮರುದಿನ ವಿದ್ಯಾರ್ಥಿನಿಯೊಬ್ಬಳು ಸೂಕ್ಷ್ಮದರ್ಶಕದ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ ನಾಳದ ಮೇಲಿನ ಗೋಡೆಯಿಂದ ಕೆಳಗಿನ ಗೋಡೆಯವರೆಗೆ ನೋಡಿದಳು. ಗೋಡೆಯ ಬಳಿ ಕಣಗಳು ತೆವಳುತ್ತಿದ್ದವು, ನಡುವೆ ಓಡುತ್ತಿದ್ದವು. ಹಿಂದಿನ ದಿನ ಎಲ್ಲರೂ ಸ್ಪಷ್ಟವಾಗಿ ಕಂಡ ಕಣಗಳನ್ನೇ ಆರಿಸಿಕೊಂಡಿದ್ದರು. ಅವೆಲ್ಲ ನಾಳದ ನಡುವಿನವು. ದುಂಡು ನಾಳದ ನಟ್ಟನಡುವೆ ವೇಗವು ಸರಾಸರಿಯ ಎರಡರಷ್ಟಿರುತ್ತದೆಂದು ಪ್ವಾಸೆಯ್ ನಿಯಮವನ್ನು ಓದಿದವರಿಗೆಲ್ಲ ಗೊತ್ತು. ತಕ್ಕಡಿಯೂ ಸುಳ್ಳಾಡಿರಲಿಲ್ಲ, ಕಣ್ಣೂ ಸುಳ್ಳಾಡಿರಲಿಲ್ಲ. ಕಣ್ಣು ಉತ್ತರ ಕೊಟ್ಟ ಪ್ರಶ್ನೆಯೇ ಬೇರೆಯಾಗಿತ್ತು. ಬರಿಯ ತೂಕದಿಂದ ಆ ವಿದ್ಯಾರ್ಥಿಗಳು ಒಂದು ಸಂಖ್ಯೆಯನ್ನು ಪಡೆಯುತ್ತಿದ್ದರು. ಬರಿಯ ಚಿತ್ರದಿಂದ ತಪ್ಪು ಸಂಖ್ಯೆಯನ್ನು ಪಡೆಯುತ್ತಿದ್ದರು. ಎರಡನ್ನೂ ಎದುರುಬದುರು ಇಟ್ಟಾಗ ನಿಯಮವೇ ಅವರ ಕೈಗೆ ಸಿಕ್ಕಿತು.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಪಠ್ಯಕ್ರಮದಲ್ಲಿರುವ ಹಳೆಯ ಪ್ರಯೋಗವೇ ಸಾಕು, ಸೂಕ್ಷ್ಮದರ್ಶಕವು ಜೀವಶಾಸ್ತ್ರದವರ ಬೀರುವಿನಲ್ಲಿಯೇ ಇರಲಿ ಎಂಬುದು ಒಂದು. ಈಗ ಎಲ್ಲವನ್ನೂ ಚಿತ್ರಗಳಿಂದಲೇ ಅಳೆಯಬಹುದು, ತಕ್ಕಡಿಯ ಗೊಡವೆಯೇಕೆ ಎಂಬುದು ಇನ್ನೊಂದು. ನಾವು ಎರಡನ್ನೂ ಒಪ್ಪೆವು. ಮೊದಲನೆಯವರು ವಿದ್ಯಾರ್ಥಿಗೆ ಸೂತ್ರವನ್ನು ಕೊಟ್ಟು ಹರಿವನ್ನು ಬಚ್ಚಿಡುತ್ತಾರೆ. ಎರಡನೆಯವರ ದಾರಿ ಇನ್ನೂ ಅಪಾಯಕರ. ಇಂದು ಗಣಕಯಂತ್ರವು ಕಣಗಳ ಚಿತ್ರಗಳಿಂದ ಕ್ಷಣಾರ್ಧದಲ್ಲಿ ಬಣ್ಣಬಣ್ಣದ ಬಾಣಗಳ ನಕ್ಷೆಯನ್ನು ಬಿಡಿಸಿಕೊಡುತ್ತದೆ. ಕಣಗಳು ಸಾಲದ ಕಡೆ ಅದು ಅಕ್ಕಪಕ್ಕದ ಬಾಣಗಳನ್ನು ನೋಡಿ ಊಹೆಯ ಬಾಣವನ್ನು ತುಂಬುವುದೂ ಉಂಟು. ನೋಡುವವನಿಗೆ ಅಳೆದ ಬಾಣವೂ ಊಹಿಸಿದ ಬಾಣವೂ ಒಂದೇ ಬಗೆಯಾಗಿ ಕಾಣುತ್ತವೆ. ಇಂಥ ನಕ್ಷೆಯನ್ನು ನಂಬಿ ರಕ್ತಪರೀಕ್ಷೆಯ ಸಾಧನವನ್ನು ರೂಪಿಸಿದರೆ, ತಪ್ಪಿನ ಬೆಲೆಯನ್ನು ತೆರುವವನು ರೋಗಿ.

ಆದಕಾರಣ ನಮ್ಮ ಸಲಹೆ ಇಷ್ಟೇ. ಪ್ರತಿಯೊಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಲೋಮನಾಳದ ಪ್ರಯೋಗವನ್ನು ತಕ್ಕಡಿ ಮತ್ತು ಸೂಕ್ಷ್ಮದರ್ಶಕ ಎರಡರಿಂದಲೂ ಮಾಡಿಸತಕ್ಕದ್ದು. ಎರಡು ಉತ್ತರಗಳೂ ಏಕೆ ಕೂಡಿಬಂದವು ಅಥವಾ ಏಕೆ ಬೇರೆಯಾದವು ಎಂಬ ವಿವರಣೆಗೆ ಅಂಕಗಳನ್ನು ಮೀಸಲಿಡತಕ್ಕದ್ದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಬೀರುವಿನ ಬೀಗದ ಕೈ, ಒಂದು ಮೊಬೈಲು, ಒಂದು ಹನಿ ಹಾಲು ಸಾಕು.

ವಿದ್ಯಾರ್ಥಿಮಿತ್ರರು ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಾಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲು ಮನದಣಿಯೆ ನೋಡಿರಿ. ಆಮೇಲೆ, ಕಂಡದ್ದು ಎಷ್ಟು ಆಳದಲ್ಲಿ, ಯಾವ ಕಣದಲ್ಲಿ, ಎಷ್ಟು ಹೊತ್ತಿನಲ್ಲಿ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ತಕ್ಕಡಿಯು ಬೇರೆ ಮಾತು ಹೇಳಿದರೆ ಕೂಡಲೆ ಅದನ್ನು ಬಯ್ಯದಿರಿ.