ಇಲ್ಲದ ಕಲ್ಲನ್ನೂ ಒರೆಗೆ ಹಚ್ಚಿ ನೋಡೋಣ

"ಇಲ್ಲದ ಖನಿಜದ ಬಗ್ಗೆ ಮಕ್ಕಳಿಂದ ಬರೆಸುತ್ತೀರಂತೆ? ಮೊದಲು ಇದ್ದದ್ದನ್ನು ಕಲಿಸಿ ಮುಗಿಸಿ ಮಾರಾಯ್ರೆ!" ಎಂದು ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಛೇಡಿಸಿದರು. ಅಲ್ಲಿ ಬೆಲ್ ಹೊಡೆಯಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಏಳನೆಯವರಿಗೆ ನಾನು ಕೊಟ್ಟ ಕೆಲಸ ಇಷ್ಟೇ: ಹೊಸ ಖನಿಜವೊಂದನ್ನು ಕಲ್ಪಿಸಿ, ಅದರ ಬಣ್ಣ, ಹೊಳಪು, ಗಡಸುತನ, ಸಿಗುವ ಜಾಗ ಬರೆಯಿರಿ. ಒಬ್ಬ ಹುಡುಗ ಬರೆದ: "ನನ್ನ ಕಲ್ಲು ಗಾಜನ್ನು ಗೀರುತ್ತದೆ, ಸುತ್ತಿಗೆಯಲ್ಲಿ ಹೊಡೆದರೆ ಪುಡಿಯಾಗುತ್ತದೆ." ಅಷ್ಟು ಗಟ್ಟಿಯಿದ್ದರೆ ಪುಡಿಯಾಗುವುದು ಹೇಗೆ ಎಂದು ಇವರು ನಕ್ಕರು. ಅಲ್ಲ ಸ್ವಾಮಿ, ವಜ್ರವೂ ಹಾಗೆಯೇ ಅಲ್ಲವೇ? ಮೋಸ್ 1812ರಲ್ಲಿ ಮಾಡಿದ ಅಳತೆಯಲ್ಲಿ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಅದು ಯಾವುದು ಯಾವುದನ್ನು ಗೀರುತ್ತದೆ ಎಂಬ ಲೆಕ್ಕ. ಏಟು ತಾಳುವ ಲೆಕ್ಕವೇ ಬೇರೆ. ಬಾಯಿಪಾಠದಲ್ಲಿ ಹೊಳೆಯದ ಈ ವ್ಯತ್ಯಾಸ ಸುಳ್ಳುಕಲ್ಲಿನಿಂದ ಹೊಳೆಯಿತು.

ಸೂಪರ್‌ಮ್ಯಾನ್ ಕಥೆಯ ಕ್ರಿಪ್ಟೊನೈಟ್ ಕೂಡ ಕಟ್ಟುಕತೆಯ ಕಲ್ಲು. 2006ರ 'ಸೂಪರ್‌ಮ್ಯಾನ್ ರಿಟರ್ನ್ಸ್' ಸಿನಿಮಾದಲ್ಲಿ ಅದರ ಪೆಟ್ಟಿಗೆಯ ಮೇಲೆ ಸೋಡಿಯಂ, ಲಿಥಿಯಂ, ಬೋರಾನ್, ಸಿಲಿಕೇಟ್, ಹೈಡ್ರಾಕ್ಸೈಡ್, ಫ್ಲೋರಿನ್ ಎಂದಿತ್ತು. ಸೆರ್ಬಿಯಾದಲ್ಲಿ ಸಿಕ್ಕ ಹೊಸ ಖನಿಜ ಜಡಾರೈಟ್‌ನಲ್ಲಿ ಹೆಚ್ಚುಕಡಿಮೆ ಇದೇ ಪಟ್ಟಿ ಇದೆಯೆಂದು 2007ರಲ್ಲಿ ಲೋಕಕ್ಕೆ ಗೊತ್ತಾಯಿತು. ಆದರೆ ಅದರಲ್ಲಿ ಫ್ಲೋರಿನ್ ಇಲ್ಲ. ಬಣ್ಣವೂ ಹಸಿರಲ್ಲ, ಬಿಳಿ. 'ಕ್ರಿಪ್ಟೊನೈಟ್ ಸಿಕ್ಕಿತು' ಎಂದರೆ ಸುದ್ದಿಯಾಯಿತು. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ಕೇಳಿದರೆ ವಿಜ್ಞಾನವಾಯಿತು.

ಅಷ್ಟು ದೂರ ಯಾಕೆ? ನಮ್ಮ ಕಾಸರಗೋಡಿನ ಮುರಕಲ್ಲನ್ನೇ ನೋಡಿ. ಅದು ಒಂದೇ ಖನಿಜವಲ್ಲ, ಹಲವು ಖನಿಜಗಳು ಕೂಡಿದ ಶಿಲೆ. ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮನೆಯ ಗೋಡೆಯಲ್ಲಿ ಇದನ್ನು ಕಾಣದ ನಾಡಿನಲ್ಲಿ ಒಂದು ಮಗು ಹೀಗೆ ಕಲ್ಪಿಸಿ ಬರೆದಿದ್ದರೆ ನಾವೇ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದೆವು!

ಮಕ್ಕಳ ಕಲ್ಪನೆಗೆ ಹೆದರುವವರೇ, ಪರೀಕ್ಷಿಸದ ನಂಬಿಕೆಗೆ ಹೆದರಿ. ನಾಗಮಣಿಯನ್ನು ನಂಬಿ ದುಡ್ಡು ಕಳೆದುಕೊಳ್ಳುವವರು, ಗ್ರಹಚಾರಕ್ಕೆ ಹರಳಿನ ಉಂಗುರ ತೊಡುವವರು ಏಳನೆಯ ಮಕ್ಕಳಲ್ಲ, ದೊಡ್ಡವರು. ನನ್ನ ಮಕ್ಕಳಿಗೆ ತಮ್ಮ ಕಲ್ಲು ಸುಳ್ಳೆಂದು ಗೊತ್ತಿದೆ. ಆದರೂ ಗೀರಿ ನೋಡಿದರೆ ಏನಾಗುತ್ತದೆ, ತೂಗಿದರೆ ಎಷ್ಟು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅದೂ ಕನ್ನಡದಲ್ಲೇ. 'ಒರೆಗೆ ಹಚ್ಚು' ಎಂಬ ನಮ್ಮ ಮಾತೇ ಒಂದು ಕಲ್ಲಿನಿಂದ ಬಂದದ್ದಲ್ಲವೇ?

ಕನ್ನಡ ಮಾಧ್ಯಮದಲ್ಲಿ ವಿಜ್ಞಾನವೆಂದರೆ ಉರು ಹೊಡೆಯುವುದು ಎನ್ನುವವರಿಗೆ ಆ ಹುಡುಗನ ಪುಟ ತೋರಿಸಬಲ್ಲೆ. ನೀವೂ ಒಂದು ಪೀರಿಯಡ್ ಕೊಟ್ಟು ನೋಡಿ. ಆಮೇಲೆ ಬೇಕಾದರೆ ನನ್ನನ್ನು ಬಯ್ಯಿರಿ.