ಕಣಗಿಲೆ ಬೆಕ್ಕಿಗೆ ವಿಷವೇ?

ಮಕ್ಕಳೇ, ಬೆಕ್ಕು ಆಗಾಗ ಹುಲ್ಲು ಕಚ್ಚುವುದನ್ನು ನೋಡಿದ್ದೀರಲ್ಲ? ಹುಲ್ಲಾದರೆ ಚಿಂತೆಯಿಲ್ಲ, ಕಣಗಿಲೆಯಾದರೆ ಜೀವಕ್ಕೇ ಅಪಾಯ. ಅದರ ಎಲೆ, ಹೂವು, ಕಡ್ಡಿ, ಬೀಜ, ಬೇರು ಎಲ್ಲವೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತವನ್ನು ಏರುಪೇರು ಮಾಡುತ್ತದೆ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತದೆ.

ಕಣಗಿಲೆ ತಿಂದ ಬೆಕ್ಕು ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ, ಮಂಕಾಗಿ ಮಲಗುತ್ತದೆ. ಆಗ ಹಾಲು, ಉಪ್ಪುನೀರು ಕುಡಿಸುತ್ತಾ ಕೂರಬೇಡಿ. ಗಿಡದ ಎಲೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ತಕ್ಷಣ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.

ಅಜ್ಜ-ಅಜ್ಜಿಯರೇ, ಕತ್ತರಿಸಿದ ಕಣಗಿಲೆ ಕಡ್ಡಿಗಳನ್ನು ಅಂಗಳದಲ್ಲಿ ಬಿಡಬೇಡಿ, ಒಲೆಗೂ ಹಾಕಬೇಡಿ. ಅದರ ಹೊಗೆಯೂ ಕೆಟ್ಟದ್ದು. ಬೆಕ್ಕು ಓಡಾಡುವ ಕಡೆ ದಾಸವಾಳ ನೆಡಿ. ಅದು ಬೆಕ್ಕಿಗೆ ವಿಷವಲ್ಲ, ದೇವರ ಪೂಜೆಗೂ ಆಯಿತು.