ಗುಳೆ ಹೋದ ಕೂಸಿನ ಉಸಿರು

ಸುಗ್ಗಿ ಮುಗಿಯಿತೆಂದರೆ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಮಳೆಯನ್ನೇ ನಂಬಿದ ಎರೆಹೊಲ, ಗುಡ್ಡದಂಚಿನ ಮಸಾರಿ ಭೂಮಿಗಳು ವರ್ಷವಿಡೀ ಕೂಲಿ ಕೊಡಲಾರವು. ಮಂಗಳೂರು, ಬೆಂಗಳೂರು, ಗೋವೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೊರಟ ತಾಯಂದಿರ ಕಂಕುಳಲ್ಲಿ ಕೂಸುಗಳೂ ಹೊರಡುತ್ತವೆ. ನಗರದ ಹೊಗೆ ನಗರದವರ ಚಿಂತೆ ಎಂದು ಗುಡ್ಡದ ಊರುಗಳು ಸುಮ್ಮನಿರುವಂತಿಲ್ಲ. ಆ ಹೊಗೆಯನ್ನು ರಸ್ತೆಯ ಅಂಚಿನಲ್ಲೇ ಕುಳಿತು ಉಸಿರಾಡುವವರಲ್ಲಿ ಈ ಊರುಗಳ ಕೂಸುಗಳೂ ಇವೆ.

ಹೊಗೆಯಿಂದ ಕೆಮ್ಮು, ದಮ್ಮು ಬರುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಮಿದುಳನ್ನೂ ಮುಟ್ಟುತ್ತದೆ ಎಂಬುದು ಅಷ್ಟು ಪರಿಚಿತವಲ್ಲ. ಡೀಸೆಲ್ ವಾಹನ, ಜನರೇಟರ್, ಕಸದ ಬೆಂಕಿಗಳಿಂದ ಏಳುವ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು, ಅದಕ್ಕಿಂತಲೂ ಚಿಕ್ಕವು. ಅವುಗಳಲ್ಲಿ ಅತಿ ಚಿಕ್ಕವು ಶ್ವಾಸಕೋಶವನ್ನು ದಾಟಿ ರಕ್ತವನ್ನು ಸೇರುತ್ತವೆ. ಮೂಗಿನ ವಾಸನಾ ನರದ ಮೂಲಕ ಮಿದುಳನ್ನೂ ತಲುಪಬಲ್ಲವು. 2019ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಗರ್ಭಿಣಿಯರ ಮಾಸಿನಲ್ಲಿ, ಶಿಶುವಿನ ಬದಿಯಲ್ಲಿಯೇ, ಮಸಿಯ ಕಣಗಳನ್ನು ಕಂಡರು. ಮಿದುಳು ಬಹುಪಾಲು ಬೆಳೆಯುವುದು ಮೊದಲ ಐದಾರು ವರ್ಷಗಳಲ್ಲಿ. ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದೂ ಅದೇ ವಯಸ್ಸಿನಲ್ಲಿ.

ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ 39 ಶಾಲೆಗಳ 2,715 ಮಕ್ಕಳನ್ನು ಒಂದು ವರ್ಷ ಗಮನಿಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಲೆಕ್ಕದ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವ ಸ್ಮರಣಶಕ್ತಿಯು ಹೊಗೆ ಕಡಿಮೆಯಿದ್ದ ಶಾಲೆಗಳಲ್ಲಿ ಶೇ. 11.5ರಷ್ಟು ಬೆಳೆದಿದ್ದರೆ, ಹೊಗೆ ಹೆಚ್ಚಿದ್ದ ಶಾಲೆಗಳಲ್ಲಿ ಶೇ. 7.4ರಷ್ಟು ಮಾತ್ರ ಬೆಳೆದಿತ್ತು. ಗುಳೆಯಿಂದ ಮರಳಿದ ಮಗು ಲೆಕ್ಕ ತಪ್ಪಿದರೆ ‘ದಡ್ಡ’ ಎನ್ನುವುದು ಸುಲಭ. ತಪ್ಪಿದ ಪಾಠ, ಅರೆಹೊಟ್ಟೆಯ ಊಟಗಳ ಜೊತೆಗೆ ಕೆಟ್ಟ ಗಾಳಿಯೂ ಅದಕ್ಕೆ ಕಾರಣವಾಗಿರಬಹುದು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಮಕ್ಕಳ ಬುದ್ಧಿಶಕ್ತಿಯನ್ನು ಕುಗ್ಗಿಸುವ ಸೀಸವನ್ನು ದೇಶದ ಪೆಟ್ರೋಲಿನಿಂದ 2000ರಲ್ಲಿ ತೆಗೆದುಹಾಕಲಾಯಿತು. ಆದರೆ ಸೂಕ್ಷ್ಮ ಕಣಗಳ ವಿಷಯದಲ್ಲಿ ಅಂತಹ ದೃಢತೆ ಕಾಣುತ್ತಿಲ್ಲ. ಘನ ಮೀಟರ್ ಗಾಳಿಯಲ್ಲಿ ಅವುಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಭಾರತ 2009ರಲ್ಲಿ ಗೊತ್ತುಪಡಿಸಿದ ಮಿತಿ 40. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ನಗರಗಳಿವೆ. ನಗರದ ಸರಾಸರಿ ಇಳಿದರೂ ಕಟ್ಟಡದ ಧೂಳಿನಲ್ಲಿ ಮಲಗಿದ ಕೂಸಿಗೆ ಅದರಿಂದಾಗುವ ಲಾಭ ಅಲ್ಪ.

ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡದ ನೆಲೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1996ರ ಕಾಯಿದೆಯೇ ವಿಧಿಸಿತ್ತು. ಅಂತಹ ಕೊಠಡಿ ಎಲ್ಲ ನೆಲೆಗಳಲ್ಲೂ, ರಸ್ತೆಯಿಂದ ದೂರದಲ್ಲಿ ಇರಬೇಕು. ಅದಕ್ಕಿಂತ ಮಿಗಿಲಾಗಿ, ಬೇಸಿಗೆಯ ಕೂಲಿ ಊರಲ್ಲೇ ಸಿಗಬೇಕು. ಗುಳೆ ಅನಿವಾರ್ಯವಾದ ಮನೆಗಳ ಮಕ್ಕಳಿಗೆ ಊರಲ್ಲೇ ಊಟ, ವಸತಿ, ಪಾಠಗಳ ಏರ್ಪಾಡಾಗಬೇಕು. ಗ್ರಾಮಸಭೆಗಳು ಈ ಬೇಡಿಕೆಗಳನ್ನು ಠರಾವಿನಲ್ಲಿ ಬರೆಸಬೇಕು. ಊರೂ ತನ್ನ ಪಾಲಿನ ಕೆಲಸವನ್ನು ಮರೆಯುವಂತಿಲ್ಲ. ಹತ್ತಿಕಟ್ಟಿಗೆಯ ಒಲೆ, ಪ್ಲಾಸ್ಟಿಕ್ ಸುಡುವ ತಿಪ್ಪೆಗಳಿಂದ ಏಳುವುದೂ ಇಂತಹವೇ ಕಣಗಳು. ಒಲೆಯ ಮುಂದಿನಿಂದ ಕೂಸನ್ನು ದೂರವಿಡುವುದಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.

ಮಹದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕುಳಿತ ಜನ ಈ ನಾಡಿನವರು. ಹೊಲದ ನೀರಿಗೆ ತೋರಿದ ಆ ಹಟವನ್ನು ಮಕ್ಕಳ ಉಸಿರಿಗೂ ತೋರಬೇಕಾಗಿದೆ. ಬತ್ತಿದ ಹೊಲಕ್ಕೆ ಮುಂದಿನ ವರ್ಷವಾದರೂ ಮಳೆ ಬಂದೀತು. ಮಗುವಿನ ಮಿದುಳು ಬೆಳೆಯುವ ವಯಸ್ಸು ಮತ್ತೆ ಬಾರದು.